ಆಶ್ಲೇಷಾ ನಕ್ಷತ್ರದ ಕಾಫಿ

ದೆಹಲಿ ಪಕ್ಕದ ಇಂದಿರಾಪುರಂನ ನಮ್ಮ ಒಂಬತ್ತನೇ ಮಹಡಿಯ ಮನೆಯಲ್ಲಿ ಬೆಳಗಿನ ಕಾಫಿಗೆ ಒಂದು ಕ್ರಮವಿತ್ತು. ಅತ್ತಿಗೆ ವೈಜಯಂತಿ ಅಮ್ಮನ ಲೋಟದಿಂದ ಒಂದಿಷ್ಟನ್ನು ಪುಟ್ಟ ಬಟ್ಟಲಿಗೆ ಬಗ್ಗಿಸಿಕೊಂಡು ಮೊದಲು ತಾನು ಕುಡಿಯಬೇಕು. ಅಮ್ಮ ಅವಳ ಗಂಟಲನ್ನೇ ನೋಡುತ್ತಿದ್ದಳು. ಇಳಿಯಿತು ಎಂದು ಖಾತ್ರಿಯಾದ ಮೇಲೆಯೇ ಲೋಟ ಎತ್ತುತ್ತಿದ್ದಳು.

ಅಣ್ಣ ಶ್ರೀವತ್ಸ 2006ರಲ್ಲಿ ತನ್ನ ಆಫೀಸಿನ ವೈಜಯಂತಿಯನ್ನು ಮೆಚ್ಚಿ ಮದುವೆಯಾದ. ಆಗ ಜಾತಕ ಯಾರೂ ಕೇಳಲಿಲ್ಲ. ಮೂರನೇ ತಿಂಗಳು ಅಮ್ಮ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಾಗ ಕೇಳಿದಳು. ಆಶ್ಲೇಷಾ ನಕ್ಷತ್ರ!

"ಆಶ್ಲೇಷಾ ಸೊಸೆ ಅತ್ತೇನ ಉಳಿಸಲ್ಲ ಕಣೇ ಹಂಸಿನಿ," ಎಂದಳು ನನಗೆ.

ಅಂದಿನಿಂದ ಬಿಪಿ ಏರಿದರೂ, ಲಿಫ್ಟ್ ನಿಂತರೂ, ಹಾಲು ಒಡೆದರೂ ಅತ್ತಿಗೆಯೇ ಕಾರಣ. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ಬಚ್ಚಲು ಒದ್ದೆಯಾಗಿದ್ದರೆ ನಾನೂ ಅತ್ತಿಗೆಯ ಪಾದ ಒದ್ದೆಯಿದೆಯೇ ಎಂದು ಕದ್ದು ನೋಡುತ್ತಿದ್ದೆ.

ಕೊನೆಗೆ ಅಮ್ಮ ತೀರ್ಪು ಕೊಟ್ಟಳು. "ಸ್ವಲ್ಪ ದಿನ ತವರಲ್ಲಿರಲಿ." ಸೋಮವಾರದ ರೈಲಿಗೆ ಟಿಕೆಟ್ ಬಂತು, ಹೋಗುವುದಕ್ಕೆ ಮಾತ್ರ. ಅಣ್ಣ ಟಿವಿಯ ಸದ್ದು ಜಾಸ್ತಿ ಮಾಡಿದ.

ನಾನು ಇತಿಹಾಸ, ರಾಜ್ಯಶಾಸ್ತ್ರ ಓದುತ್ತಿದ್ದ ವಿಶ್ವವಿದ್ಯಾಲಯ ಎಷ್ಟು ಪುಟ್ಟದೆಂದರೆ, ತರಗತಿಯಲ್ಲಿ ಹನ್ನೊಂದೇ ಜನ. ಚಂದ್ರಮೋಹನ ಸರ್‌ಗೆ ಹಾಜರಿ ಪುಸ್ತಕವೇ ಬೇಕಿರಲಿಲ್ಲ. ಅವರು ಹೇಳುತ್ತಿದ್ದದ್ದು ಒಂದೇ: ಯಾವ ದಾಖಲೆ ಸಿಕ್ಕರೂ ಮೊದಲು ಅನುಮಾನಿಸಿ, ಯಾರು ಬರೆದರು, ಯಾರ ಲಾಭಕ್ಕೆ ಬರೆದರು ಎಂದು ಕೇಳಿ.

ಆ ಶನಿವಾರ ಪರೀಕ್ಷೆಯ ಅರ್ಜಿಗೆ ಜನನ ಪ್ರಮಾಣಪತ್ರ ಹುಡುಕುತ್ತ ಅಮ್ಮನ ಸೂಟ್‌ಕೇಸ್ ತೆರೆದೆ. ನನ್ನ ಜಾತಕ ಎರಡಿತ್ತು! ಕಂಪ್ಯೂಟರಿನದರಲ್ಲಿ ನಸುಕಿನ ಮೂರೂವರೆ, ಪುಷ್ಯಾ. ತಾತನ ಕೈಬರಹದ್ದರಲ್ಲಿ ಬೆಳಿಗ್ಗೆ ಏಳು, ಆಶ್ಲೇಷಾ. ಕೆಳಗಿದ್ದ ಆಸ್ಪತ್ರೆಯ ಚೀಟಿಯಲ್ಲೂ ಏಳು ಗಂಟೆ. ಓದುವವರೇ, ನಿಮ್ಮ ಮನೆಯ ಸೂಟ್‌ಕೇಸನ್ನೂ ಒಮ್ಮೆ ತೆರೆದು ನೋಡಿ.

"ಅಮ್ಮಾ, ಇದೇನು?"

ಕಸಿದುಕೊಂಡಳು. "ನಿನ್ನ ಒಳ್ಳೇದಕ್ಕೇ ಬದಲಾಯಿಸಿದ್ದು. ನಾಳೆ ರತ್ನಪ್ರಭಾ ಅವರು ಮಗನಿಗೆ ನಿನ್ನ ನೋಡೋಕೆ ದ್ವಾರಕಾದಿಂದ ಬರ್ತಾರೆ. ಬಾಯಿ ಬಿಡಬೇಡ."

"ಹಂಗಾದ್ರೆ ನಾನೂ ಅತ್ತೇನ ಕೊಲ್ತೀನಾ?"

"ಥೂ, ಬಿಡ್ತು ಅನ್ನು! ನೀನು ಇರುವೇನೂ ತುಳಿಯೋಳಲ್ಲ. ಹೆತ್ತೋಳಿಗೆ ಗೊತ್ತಿರಲ್ವಾ?"

"ಅತ್ತಿಗೇನೂ ಒಬ್ರು ಹೆತ್ತಿದ್ದಾರಲ್ಲಮ್ಮ. ಅವರು ಸುಳ್ಳು ಬರೆಸಲಿಲ್ಲ, ಅದೇ ತಪ್ಪಾ?"

"ನಿನ್ನ ಓದ್ಸಿದ್ದೇ ತಪ್ಪು!"

ಭಾನುವಾರ ರತ್ನಪ್ರಭಾ ಸೋಫಾದಲ್ಲಿ ಕೂತು ನಾನು ತಂದ ಕಾಫಿ ಎತ್ತಿಕೊಂಡರು. ಅತ್ತಿಗೆ ಕೋಣೆಯಿಂದ ಹೊರಗೆ ಬರಬಾರದೆಂದು ಅಪ್ಪಣೆಯಾಗಿತ್ತು. ಒಳಗೆ ಅಣ್ಣನ ಟಿವಿ, ಅದರ ನಡುವೆ ಬ್ಯಾಗಿನ ಜಿಪ್ ಎಳೆಯುವ ಸದ್ದು.

"ಹಿಸ್ಟರಿನಾ? ಅಚ್ಛಾ, ರಾಜರ ಕಥೆ! ನಕ್ಷತ್ರ ಪುಷ್ಯಾ ಅಲ್ವೇನಮ್ಮ?"

ಅಮ್ಮನ ಕಣ್ಣು ಬೇಡುತ್ತಿತ್ತು.

"ಅಲ್ಲ ಆಂಟಿ, ಆಶ್ಲೇಷಾ. ಪುಷ್ಯಾ ಆಮೇಲೆ ಬರೆಸಿದ್ದು."

ರತ್ನಪ್ರಭಾರ ಕೈ ತುಟಿಯ ಹತ್ತಿರವೇ ನಿಂತಿತು. ಲೋಟದೊಳಗೆ ನೋಡಿದರು, ನನ್ನನ್ನು ನೋಡಿದರು, ಲೋಟವನ್ನು ಮೆಲ್ಲಗೆ ದೂರ ಇಟ್ಟರು. ಆ ನೋಟ ನನಗೆ ಹೊಸದಲ್ಲ. ಅಮ್ಮನೂ ಗುರುತು ಹಿಡಿದಳು. ಈ ಸಲ ಅದು ಅವಳ ಮಗಳ ಮೇಲೆ ಬಿದ್ದಿತ್ತು.

"ಚಲೋ, ಟ್ರಾಫಿಕ್ ಆಗತ್ತೆ," ಎಂದು ಅವರು ಎದ್ದು ಹೋದರು.

ಅಮ್ಮ ಆರುತ್ತಿದ್ದ ಲೋಟವನ್ನೇ ನೋಡುತ್ತ ಕೂತಳು. ಆಮೇಲೆ ಕೂಗಿದಳು, "ವೈಜಯಂತಿ, ಒಂಚೂರು ಕಾಫಿ ಕೊಡ್ತೀಯಾ?"

ಅತ್ತಿಗೆ ಲೋಟ ತಂದಳು. ಬಟ್ಟಲು ತರಲಿಲ್ಲ.

"ಇನ್ಮೇಲೆ ನಾನು ಮೊದಲು ಕುಡಿದು ತೋರಿಸಲ್ಲ ಅತ್ತೆ. ಹೀಗೇ ಕುಡಿಯೋದಾದ್ರೆ ಇರ್ತೀನಿ. ಇಲ್ಲಾಂದ್ರೆ ನಾಳೆ ನಾನೇ ಹೋಗ್ತೀನಿ, ನೀವು ಕಳಿಸೋದು ಬೇಡ."

ಒಳಗೆ ಟಿವಿ ಆರಿತು. ಅಣ್ಣ ಬಂದು ಬಾಗಿಲಲ್ಲಿ ನಿಂತ.

ಮುರಿದು ಕೂಡಿದ ಕೈಯಲ್ಲೇ ಅಮ್ಮ ಲೋಟ ತೆಗೆದುಕೊಂಡಳು. ಒಂದು ಗುಟುಕು ಕುಡಿದಳು.

"ಸಕ್ಕರೆ ಕಮ್ಮಿ," ಎಂದಳು. ಇನ್ನೊಂದು ಗುಟುಕು ಕುಡಿದಳು.