ಹೇಳಿದ ಬೆಲೆ

ಹೋಟೆಲಿನ ಮುಂಬಾಗಿಲಲ್ಲಿ ಮೇಜಿನ ಹಿಂದೆ ನಿಂತು, ಬಂದವರಿಗೆಲ್ಲ ನಗುಮುಖದಿಂದ ಕೋಣೆಯ ಕೀಲಿ ಕೊಡುವುದು ಅವನ ಕೆಲಸ. ಟೈ ಕಟ್ಟದೆ ಮನೆಯ ಹೊಸಿಲು ದಾಟಿದವನಲ್ಲವಾದ್ದರಿಂದ ಬೀದಿಯವರು ಅವನನ್ನು ಟೈ ಸಾಹೇಬ ಎಂದೇ ಕರೆಯುತ್ತಿದ್ದರು. ತಮಾಷೆಗೆ ಇಟ್ಟ ಹೆಸರು. ಸಾಹೇಬನಿಗೆ ಮಾತ್ರ ಅದರಲ್ಲಿನ ತಮಾಷೆ ಕೇಳಿಸದೆ ಬರೀ 'ಸಾಹೇಬ' ಕೇಳಿಸುತ್ತಿತ್ತು. ಹೆಂಡತಿ ಅದೇ ಬೀದಿಯವರ ಬಾಯಲ್ಲಿ ಟೈಲರಮ್ಮ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ಪ್ಯಾಂಟು ಗಿಡ್ಡ ಮಾಡುವುದು, ಜಿಪ್ಪು ಬದಲಿಸುವುದು, ಮೈ ಬಂದವರ ಅಂಗಿ ಬಿಚ್ಚಿ ಅಗಲ ಮಾಡುವುದು, ಹೀಗೆ ಅವಳದು ರಿಪೇರಿ ಕೆಲಸ. ಗಂಡನ ಟೈಗಳನ್ನು ಹೊಲಿದವಳೂ ಅವಳೇ, ಗಿರಾಕಿಗಳು ಬಿಟ್ಟುಹೋದ ತುಂಡುಬಟ್ಟೆಯಲ್ಲಿ. ಇದನ್ನು ಅವನು ಹೋಟೆಲಿನಲ್ಲಿ ಯಾರಿಗೂ ಹೇಳಿರಲಿಲ್ಲ.

ಅವನ ಫೋನಿನ ಗಾಜು ಒಡೆದು ಜೇಡರ ಬಲೆಯಂತಾಗಿತ್ತು. ಅತಿಥಿಗಳ ಕಣ್ಣಿಗೆ ಬಿದ್ದೀತೆಂದು ಮೇಜಿನ ಮೇಲೆ ಅದನ್ನು ಕವುಚಿಯೇ ಇಡುತ್ತಿದ್ದ. ಬೇರೆಯದು ಕೊಳ್ಳಬೇಕೆಂಬುದರಲ್ಲಿ ಗಂಡಹೆಂಡಿರಿಗೆ ತಕರಾರಿರಲಿಲ್ಲ. ಯಾವುದು ಎಂಬಲ್ಲಿ ಮಾತ್ರ ಜಟಾಪಟಿ ನಡೆದಿತ್ತು. ಆಗತಾನೇ ಪೇಟೆಗೆ ಬಂದದ್ದು ಅವನಿಗೆ ಬೇಕು. ಅದೇ ಕಂಪನಿಯ ಹೋದ ವರ್ಷದ್ದನ್ನು ಬೆಲೆ ಇಳಿಸಿ ಮಾರುತ್ತಿದ್ದಾರೆಂದು ಅವಳು ಪತ್ತೆ ಹಚ್ಚಿಟ್ಟಿದ್ದಳು.

"ಎರಡಕ್ಕೂ ಏನ್ರೀ ವ್ಯತ್ಯಾಸ?"

"ಹೊಸದ್ರಲ್ಲಿ ಹಿಂದ್ಗಡೆ ಮೂರು ಕ್ಯಾಮೆರಾ ಇದೆ."

"ಇರೋ ಮುಖ ಒಂದೇ ತಾನೆ? ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದ್ರಂತೆ. ಹೋದ ವರ್ಷ ಇದೇ ಫೋನು ನೋಡಿ ನೀವು ಬಾಯಿಬಾಯಿ ಬಿಟ್ಟಿರ್ಲಿಲ್ವಾ?"

ಬಿಟ್ಟಿದ್ದ. ಆದ್ದರಿಂದ ಸೋತ. ಹೋದ ವರ್ಷದ್ದೇ ತರುವುದು, ಉಳಿಯುವ ದುಡ್ಡಿಗೆ ಹೊಲಿಗೆ ಯಂತ್ರಕ್ಕೆ ಮೋಟಾರು ಕೂರಿಸುವುದು ಎಂದು ಒಪ್ಪಂದವಾಯಿತು. ಇಡೀ ದಿನ ಕಾಲಿನಲ್ಲೇ ತುಳಿದು ತುಳಿದು ಸಂಜೆಯ ಹೊತ್ತಿಗೆ ಅವಳ ಮಂಡಿ ಊದಿಕೊಳ್ಳುತ್ತಿತ್ತು. ಮೋಟಾರು ಬಂದರೆ ಕಾಲು ಚಾಚಿ ಕೂತು ಹೊಲಿಯಬಹುದು ಎಂದು ಅವಳು ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದಳು.

ಅಂಗಡಿಗೆ ಹೋದ ಸಂಜೆ ಅವಳು ನೇರ ಕೌಂಟರಿಗೆ ಹೋಗಿ, ಅಲ್ಲಿದ್ದ ಹುಡುಗಿಯನ್ನು ವಿಚಾರಿಸತೊಡಗಿದಳು. ಬೆಲೆ ಯಾಕೆ ಇಳಿಸಿದ್ದೀರಿ, ಯಾರಾದರೂ ವಾಪಸ್ಸು ತಂದುಕೊಟ್ಟದ್ದಾ, ಪೆಟ್ಟಿಗೆ ಮೊದಲೇ ಬಿಚ್ಚಿದ್ದಾರಾ, ಕವರು ಪುಕ್ಕಟೆ ಕೊಡುತ್ತೀರಾ, ಗಾಜಿನ ಹಾಳೆ ಅಂಟಿಸಿಕೊಡುತ್ತೀರಾ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ ಫೋನನ್ನು ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ಅಂಚು ಸೊಟ್ಟಗಿದೆಯೇ ಎಂದು ಪರೀಕ್ಷಿಸಿದಳು. ಅವಳ ದನಿಯೋ, ಯಂತ್ರದ ಸದ್ದಿನ ಮೇಲೆ ಮಾತಾಡಿ ಮಾತಾಡಿ ಬೆಳೆದ ದನಿ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ನಮ್ಮ ಸಾಹೇಬ ಮೆಲ್ಲಗೆ ಅವಳ ಪಕ್ಕದಿಂದ ಜಾರಿಕೊಂಡ. ಜಾರಿಕೊಂಡವನು ಹೋಗಿ ನಿಂತದ್ದು ಬಾಗಿಲ ಬಳಿ, ದೀಪದ ಕೆಳಗೆ ಹೊಸ ಫೋನನ್ನು ನೋಡಲೆಂದು ಇಟ್ಟಿದ್ದಲ್ಲಿ. ಅದನ್ನು ಕೈಗೆತ್ತಿಕೊಂಡು, ನಿಜವಾಗಿ ಕೊಳ್ಳಲು ಬಂದವನ ಗತ್ತಿನಲ್ಲಿ ಹಿಂದೆ ಮುಂದೆ ತಿರುಗಿಸಿದ. ಅಷ್ಟರಲ್ಲಿ ಒಳಗಿನಿಂದ ಅಂಗಡಿಯ ಮಾಲೀಕ ಬಂದ.

"ಸಾರ್, ನೀವು ಆ ದೊಡ್ಡ ಹೋಟೆಲಿನವರಲ್ವಾ? ಹೋದ ತಿಂಗಳು ನಮ್ಮ ಮೀಟಿಂಗಿಗೆ ಬಂದಾಗ ನೀವೇ ಎಲ್ಲಾ ವ್ಯವಸ್ಥೆ ಮಾಡಿದ್ರಿ. ಬನ್ನಿ ಬನ್ನಿ."

ಪರ ಊರಲ್ಲಿ ನೆಂಟರು ಸಿಕ್ಕಷ್ಟು ಸಂತೋಷವಾಯಿತು ಸಾಹೇಬನಿಗೆ. ಟೈ ಸರಿಪಡಿಸಿಕೊಂಡ. ಮಾಲೀಕ ಹೊಸ ಫೋನಿನ ಗುಣಗಾನ ಮಾಡಿ, "ನಿಮ್ಮಂಥೋರಿಗೆ ಇದೇ ಸರಿ" ಅಂದ. ಅಷ್ಟರಲ್ಲಿ ಕೌಂಟರಿನಿಂದ, "ಕವರಿಗೂ ದುಡ್ಡಾ? ನಾನು ಜಿಪ್ಪು ಹಾಕಿದ್ರೆ ದಾರಕ್ಕೆ ಬೇರೆ ದುಡ್ಡು ಕೇಳ್ತೀನೇನಮ್ಮ?" ಎಂಬ ಮಾತು ಕೇಳಿಬಂತು.

ಮಾಲೀಕ ಕಣ್ಣು ಮಿಟುಕಿಸಿದ. "ದಿನಾ ಒಬ್ರಾದ್ರೂ ಇಂಥೋರು ಗಂಟು ಬೀಳ್ತಾರೆ ಸಾರ್. ತರಕಾರಿ ಅಂಗಡಿ ಅಂದ್ಕೊಂಡಿದ್ದಾರೆ."

ಸಾಹೇಬ ನಕ್ಕ. ಬರದ ನಗುವನ್ನು ಬರಿಸಿಕೊಂಡು ನಕ್ಕ.

ಮಾಲೀಕನಿಗೆ ಏನೋ ಅನುಮಾನ ಬಂದಿರಬೇಕು. "ನಿಮ್ಮ ಜೊತೆ ಬಂದವರೇನಲ್ವಲ್ಲ?" ಎಂದು ಕೇಳಿದ.

"ಅಯ್ಯೋ, ಅಲ್ಲ ಅಲ್ಲ."

ಅಂಗಡಿಯೇನೂ ದೊಡ್ಡದಲ್ಲ. ಕೌಂಟರಿನ ಬಳಿ ಗಾಜಿನ ಹಾಳೆಯ ಚೌಕಾಶಿ ಅರ್ಧಕ್ಕೇ ನಿಂತಿತು. ಅವಳು ತಿರುಗಿ ನೋಡಲಿಲ್ಲ. ಕೈಯಲ್ಲಿದ್ದ ಹೋದ ವರ್ಷದ ಫೋನನ್ನು ಮೆಲ್ಲಗೆ ಕೌಂಟರಿನ ಮೇಲಿಟ್ಟಳು.

"ಇದು ಬೇಡಮ್ಮ. ಹೊಸದು ಬಂದಿದೆಯಲ್ಲ, ಅದನ್ನೇ ಕೊಡು."

"ಅದರಲ್ಲಿ ಒಂದು ಕಾಸೂ ಕಮ್ಮಿ ಆಗಲ್ಲ, ಮೊದ್ಲೇ ಹೇಳ್ತೀನಿ" ಅಂದಳು ಬೇಸತ್ತಿದ್ದ ಹುಡುಗಿ.

"ಹೇಳಿದ ಬೆಲೆಗೇ ಕೊಡು."

ಹುಟ್ಟಿದಾಗಿನಿಂದ ಯಾವ ಅಂಗಡಿಯಲ್ಲೂ ಹೇಳಿದ ಬೆಲೆ ಕೊಟ್ಟವಳಲ್ಲ ಟೈಲರಮ್ಮ. ಅವಳ ಬಾಯಲ್ಲಿ ಆ ಮಾತು ಕೇಳಿ ಸಾಹೇಬ ಕೈಯಲ್ಲಿದ್ದ ಫೋನನ್ನು ಕೆಳಗಿಟ್ಟ. ಆಗಲೂ ಕಾಲ ಮಿಂಚಿರಲಿಲ್ಲ. ನಾಲ್ಕು ಹೆಜ್ಜೆ ಇಟ್ಟು, "ತಮಾಷೆಗೆ ಅಂದೆ, ಇವಳು ನನ್ನ ಹೆಂಡ್ತಿ" ಅಂದಿದ್ದರೆ ಮುಗಿಯುತ್ತಿತ್ತು. ಅವನಿಗೆ ಮಾತು ಬಾಯಿವರೆಗೂ ಬಂತು. ಆದರೆ ಹಾಗೆ ಅಂದರೆ ಪಾಪ ಮಾಲೀಕನಿಗೆ ಮುಜುಗರವಾದೀತಲ್ಲ ಎಂದು ಯೋಚಿಸಿದ! ಕಟ್ಟಿಕೊಂಡವಳ ಮಾನ ಕಳೆದವನಿಗೆ ಅಂಗಡಿಯವನ ಮುಜುಗರದ ಚಿಂತೆ. ಆ ಯೋಚನೆ ಬಂದದ್ದಕ್ಕೆ ಅವನಿಗೇ ತನ್ನ ಮೇಲೆ ಹೇಸಿಗೆಯಾಯಿತು. ಆದರೂ ನಿಂತಲ್ಲಿಂದ ಕದಲಲಿಲ್ಲ.

ಅವಳು ದುಡ್ಡು ಕೊಟ್ಟು, ಚೀಲ ಹಿಡಿದು, ಬಾಗಿಲಿಗೆ ಬಂದಳು. ದಾರಿಗೆ ಅಡ್ಡವಾಗಿ ಅವನೇ ನಿಂತಿದ್ದ.

"ಸ್ವಲ್ಪ ದಾರಿ ಬಿಡ್ತೀರಾ?" ಅಂದಳು, ಗುರುತಿಲ್ಲದವರನ್ನು ಕೇಳುವಷ್ಟೇ ಮರ್ಯಾದೆಯಿಂದ. ಅವನು ದಾರಿ ಬಿಟ್ಟ.

"ನೋಡಿದ್ರಾ ಸಾರ್, ಯಾರ ಹತ್ರ ಎಷ್ಟಿರುತ್ತೆ ಹೇಳಕ್ಕಾಗಲ್ಲ" ಅಂದ ಮಾಲೀಕ.

ಏನೋ ನೆಪ ಹೇಳಿ ಅವನು ಹೊರಬಿದ್ದಾಗ ಅವಳು ಬಸ್ ನಿಲ್ದಾಣದ ಬೆಂಚಿನ ಮೇಲೆ, ಮಂಡಿ ಒತ್ತಿಕೊಳ್ಳುತ್ತಾ ಕೂತಿದ್ದಳು. ಅವನು ಬೆಂಚಿನ ತುದಿಯಲ್ಲಿ ಕೂತ.

"ಏನೋ ಬಾಯಿ ತಪ್ಪಿ ಬಂದ್ಬಿಡ್ತು ಕಣೇ."

"ಎರಡು ಸಲ ಬಂತು" ಅಂದಳು ಅವಳು.

ಬಸ್ಸುಗಳು ಬಂದವು, ಹೋದವು. ಕೊನೆಗೆ, "ಹೊಸದ್ಯಾಕೆ ತಗೊಂಡೆ? ಮೋಟಾರು..." ಎಂದು ತೊದಲಿದ.

ಅವಳು ಚೀಲವನ್ನು ಬೆಂಚಿನ ಮೇಲೆ ಅವನ ಕಡೆಗೆ ಸರಿಸಿದಳು. "ಇದು ನಿಮ್ಮದಾ ಅಂತ ಯಾರಾದ್ರೂ ಕೇಳಿದ್ರೆ, ಇದಕ್ಕಾದ್ರೂ ಹೌದು ಅನ್ನಿ."

ಬಯ್ದಿದ್ದರೆ ಬಯ್ಸಿಕೊಳ್ಳುತ್ತಿದ್ದ. ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದ. ಅವಳು ಎರಡೂ ಮಾಡಲಿಲ್ಲ, ತಮ್ಮ ಬಸ್ಸು ಬಂದದ್ದನ್ನು ನೋಡಿ ಎದ್ದಳು.

ಬಸ್ಸು ಕಿಕ್ಕಿರಿದಿತ್ತು. ಅವಳಿಗೆ ಮುಂದೆ ಒಂದು ಸೀಟು ಸಿಕ್ಕಿತು. ಅವನು ಚೀಲ ಹಿಡಿದು ಹಿಂದಿನ ಬಾಗಿಲಲ್ಲಿ ಹತ್ತಿ ಕಂಬಿ ಹಿಡಿದು ನಿಂತ. ಕಂಡಕ್ಟರ್ ಮೊದಲು ಅವನ ಬಳಿಗೇ ಬಂದ. ಸಾಹೇಬ ಜೇಬಿಗೆ ಕೈ ಹಾಕಿದ. ಜೇಬಿನಲ್ಲಿ ಬಾಚಣಿಗೆ ಬಿಟ್ಟರೆ ಏನೂ ಇರಲಿಲ್ಲ. ಮನೆಯ ದುಡ್ಡು ಯಾವತ್ತೂ ಅವಳ ಪರ್ಸಿನಲ್ಲೇ ಇರುತ್ತಿದ್ದದ್ದು.

"ಟಿಕೆಟ್ ಮುಂದೆ ತಗೋತಾರೆ."

"ಮುಂದೆ ಯಾರು?"

"ನನ್ನ ಹೆಂಡ್ತಿ" ಎಂದು ಅವಳ ಸೀಟಿನತ್ತ ಕೈ ತೋರಿಸಿದ. ಆ ಮಾತು ಅವನಿಗೇ ಸರಿಯಾಗಿ ಕೇಳಿಸಲಿಲ್ಲ. ಕಂಡಕ್ಟರಿಗೂ ನಂಬಿಕೆ ಬರಲಿಲ್ಲ. ಟಿಕೆಟ್ ತಪ್ಪಿಸುವವರನ್ನು ದಿನವೂ ನೋಡಿದವನು, ಅಲ್ಲಿಂದಲೇ ಕೂಗಿದ:

"ಅಮ್ಮಾ, ಹಸಿರು ಸೀರೆಯ ಅಮ್ಮಾ! ಹಿಂದೆ ಟೈ ಹಾಕ್ಕೊಂಡಿದ್ದಾರಲ್ಲ, ಇವ್ರು ನಿಮ್ಮ ಜೊತೆ ಬಂದವರಾ?"

ಬಸ್ಸಿನ ಮುಖಗಳೆಲ್ಲ ಒಮ್ಮೆ ಅವನತ್ತ, ಒಮ್ಮೆ ಅವಳತ್ತ ತಿರುಗಿದವು. ಅವಳೂ ತಿರುಗಿದಳು. ಅಲ್ಲ ಅನ್ನಲಿ, ಎಂದು ಅವನು ಮನಸ್ಸಿನಲ್ಲೇ ಬೇಡಿಕೊಂಡ. ಅಲ್ಲ ಅಂದರೆ ತನ್ನನ್ನು ಇಳಿಸಿಬಿಡುತ್ತಾರೆ, ಮನೆವರೆಗೂ ನಡೆದು ಹೋಗುತ್ತೇನೆ, ಅಲ್ಲಿಗೆ ಇಬ್ಬರದೂ ಸಮ ಆಗುತ್ತದೆ.

ಅವಳು ಅವನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಅಂಗಡಿಯಲ್ಲಿ ಕವರಿಗೆ ಚೌಕಾಶಿ ಮಾಡಿದ ಅದೇ ಗಟ್ಟಿ ದನಿಯಲ್ಲಿ, ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದಳು.

"ಹೌದಪ್ಪ, ನಮ್ಮನೆಯವರು. ಎರಡು ಟಿಕೆಟ್ ಕೊಡು."

ಹತ್ತಿರದಲ್ಲಿ ಕೂತಿದ್ದ ಮುದುಕರೊಬ್ಬರು ಸರಿದು ಅವನಿಗೆ ಜಾಗ ಮಾಡಿಕೊಟ್ಟರು. ಅವನಿಗೆ ಕೂರುವ ಧೈರ್ಯ ಬರಲಿಲ್ಲ.