ಸ್ಯಾಟಿನ್ ಹಾಸಿನ ಕೋಳಿಮರಿಗಳು

ಸೂಜಿಗೆ ದಾರ ಪೋಣಿಸಲು ಗಂಡನನ್ನು ಕರೆಯಬೇಕಾಗಿ ಬಂದ ದಿನವೇ ಟೈಲರಮ್ಮ ಕೋಳಿ ಸಾಕುವ ಮನಸ್ಸು ಮಾಡಿದಳು. ಕಣ್ಣು ಮಂಜಾಗುತ್ತಿತ್ತು. ಕನ್ನಡಕ ಬದಲಾಯಿಸಿದರೂ ಹೊಲಿಗೆ ಸೊಟ್ಟಗಾಗುತ್ತಿತ್ತು. ದುಡಿದು ತಿಂದು ಅಭ್ಯಾಸವಾದ ಜೀವ. ಹೊಲಿಗೆ ನಿಂತರೆ ಮುಂದೇನು ಎಂಬ ಭಯ ಒಳಗೊಳಗೇ ಕೊರೆಯುತ್ತಿತ್ತು. ಅದಕ್ಕೇ ಆಗಷ್ಟೇ ಮೊಟ್ಟೆಯೊಡೆದು ಬಂದಿದ್ದ ಮರಿಗಳನ್ನು ಒಂದು ಬುಟ್ಟಿ ತುಂಬ ತಂದಳು.

ಗಂಡ ವಾಚ್‌ಮನ್. ಬಟ್ಟೆ ಕತ್ತರಿಸುವುದು ಬೇರೆ, ಜೀವ ಸಾಕುವುದು ಬೇರೆ ಎಂದು ಗೊಣಗಿದ. ಮೂರು ಮಕ್ಕಳನ್ನು ಸಾಕಿದವಳಿಗೆ ಮರಿಗಳೇನು ಮಹಾ ಎಂದು ಅವಳು ಅವನ ಬಾಯಿ ಮುಚ್ಚಿಸಿದಳು.

ಪ್ರೀತಿಗೇನೂ ಕಡಿಮೆ ಮಾಡಲಿಲ್ಲ. ಹೊಲಿಗೆ ಮೆಷಿನ್ ಪಕ್ಕದಲ್ಲಿ ರಟ್ಟಿನ ಪೆಟ್ಟಿಗೆ ಇಟ್ಟು, ಲೈನಿಂಗಿಗೆ ತಂದು ಉಳಿದಿದ್ದ ನುಣುಪಾದ ಸ್ಯಾಟಿನ್ ತುಂಡುಗಳನ್ನು ಜೋಡಿಸಿ ಹಾಸಿದಳು. ನಟ್ಟನಡುವೆ ಬಲ್ಬು ಇಳಿಬಿಟ್ಟು, ಮೇಲೆ ದಪ್ಪ ಬಟ್ಟೆ ಹೊದಿಸಿದಳು. ಅಂಥ ಹಾಸಿಗೆಯ ಮೇಲೆ ಸ್ವತಃ ಅವಳೂ ಮಲಗಿದವಳಲ್ಲ.

ಕೆಲವೇ ದಿನಗಳಲ್ಲಿ ಪೆಟ್ಟಿಗೆಯ ಚಿಲಿಪಿಲಿ ಅಡಗಿತು. ಮರಿಗಳು ಮೂಲೆ ಹಿಡಿದು, ರೆಕ್ಕೆ ಇಳಿಬಿಟ್ಟು, ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು. ಕೆಲವುಗಳ ಹಿಂಭಾಗದಲ್ಲಿ ಹಿಕ್ಕೆ ಒಣಗಿ ಗಟ್ಟಿಯಾಗಿ ಅಂಟಿತ್ತು. ಒಂದರದ್ದನ್ನು ಟೈಲರಮ್ಮ ಚಕ್ಕನೆ ಕಿತ್ತಳು. ಚರ್ಮವೇ ಕಿತ್ತು ಬಂತು, ಮರಿ ಸಂಜೆಗೆ ಸತ್ತಿತು. ಇನ್ನೊಂದು ಮರಿ ಎರಡೂ ಕಾಲು ಆಚೀಚೆ ಚಾಚಿ, ಹೊಟ್ಟೆಯ ಮೇಲೆ ಬಿದ್ದುಕೊಂಡಿತ್ತು. ಇದು ಹುಟ್ಟುಕುಂಟು, ಎಸೆದುಬಿಡೋಣ ಎಂದ ಗಂಡ. ಅವಳು ಒಪ್ಪಲಿಲ್ಲ. ಮರುದಿನ ಬೆಳಿಗ್ಗೆ ಗಂಡನ ಜ್ವರಕ್ಕೆ ತಂದು ಉಳಿದಿದ್ದ ಮಾತ್ರೆಗಳನ್ನು ಮರಿಗಳ ನೀರಿಗೆ ಹಾಕಲು ಹೊರಟಳು.

ಅಷ್ಟರಲ್ಲಿ ಎದುರುಮನೆಯ ಹುಡುಗಿ ತೋಳು ಸಡಿಲವಾಗಿದ್ದ ಅಂಗಿ ಹಿಡಿದು ಬಂದಳು. ಅವಳು ಪಶು ಆಸ್ಪತ್ರೆಯಲ್ಲಿ ಸಹಾಯಕಿ. ಪೆಟ್ಟಿಗೆಯತ್ತ ಒಮ್ಮೆ ನೋಡಿದವಳೇ ಅಂಗಿಯನ್ನು ಮರೆತಳು.

"ಆ ಮಾತ್ರೆ ಕೆಳಗಿಡಿ ಟೈಲರಮ್ಮ. ನಮ್ಮ ಮಾತ್ರೆ ಮರಿಗಳಿಗಲ್ಲ. ಇವಕ್ಕೆ ಮೊದಲು ಬೇಕಾಗಿರೋದು ಗಾಳಿ, ನೀರು."

ಟೈಲರಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ. "ನಿನ್ನ ಮೊದಲನೇ ಫ್ರಾಕ್ ಹೊಲಿದೋಳು ನಾನು. ನನಗೇ ಹೇಳ್ಕೊಡೋಕೆ ಬಂದ್ಯಾ?"

"ಹೊಲಿಗೆ ಹೇಳ್ಕೊಡಲ್ಲ ಬಿಡಿ," ಎಂದು ಹುಡುಗಿ ನಕ್ಕಳು. "ಈ ಸ್ಯಾಟಿನ್ ಮೇಲೆ ಎರಡು ಬೆರಳು ಊರಿ, ಸ್ವಲ್ಪ ಭಾರ ಬಿಡಿ. ನಿಲ್ತಾವಾ ನೋಡಿ."

ಟೈಲರಮ್ಮ ಬೆರಳು ಊರಿದಳು. ಅವು ಜಾರಿ ಆಚೀಚೆ ಹೋದವು, ಥೇಟ್ ಮರಿಯ ಕಾಲುಗಳ ಹಾಗೆ. ಅವಳು ಚಟ್ಟನೆ ಕೈ ಹಿಂದೆಗೆದಳು. "ಅಯ್ಯೋ, ನಾನೇ ಇದನ್ನ ಕುಂಟು ಮಾಡಿದ್ನಲ್ಲೇ."

"ಇನ್ನೂ ಎಳೆ ಕಾಲು. ಈಗಲೇ ಕಟ್ಟಿದ್ರೆ ನೆಟ್ಟಗಾಗೋ ಸಾಧ್ಯತೆ ಇದೆ. ತಡ ಮಾಡಿದ್ರೆ ಹಾಗೇ ಗಟ್ಟಿಯಾಗಿಬಿಡತ್ತೆ."

ಹುಡುಗಿ ಹೇಳಿಕೊಟ್ಟಂತೆ ಟೈಲರಮ್ಮ ಹಳೆಯ ಬನಿಯನ್ನಿನಿಂದ ಮೆತ್ತಗಿನ ಪಟ್ಟಿ ಕತ್ತರಿಸಿದಳು. ಕಣ್ಣು ಕೈಕೊಟ್ಟರೂ ಬೆರಳು ಕೈಕೊಡಲಿಲ್ಲ. ಮರಿ ಸಹಜವಾಗಿ ನಿಂತಾಗ ಕಾಲುಗಳ ನಡುವೆ ಎಷ್ಟು ಅಂತರವಿರಬೇಕೋ ಅಷ್ಟೇ ಬಿಟ್ಟು, ರಕ್ತ ಓಡಾಟ ನಿಲ್ಲದಂತೆ ಸಡಿಲವಾಗಿ ಎರಡು ಕಾಲನ್ನೂ ಸೇರಿಸಿ ಕಟ್ಟಿದಳು. ಇಷ್ಟು ಚೆನ್ನಾಗಿ ಆಸ್ಪತ್ರೆಯಲ್ಲೂ ಕಟ್ಟುವುದಿಲ್ಲ ಎಂದಳು ಹುಡುಗಿ. ದಿನವೂ ಬಿಚ್ಚಿ ನೋಡಬೇಕು, ಊತ ಕಂಡರೆ ಸಡಿಲಿಸಬೇಕು ಎಂದೂ ಹೇಳಿದಳು.

ಸ್ಯಾಟಿನ್ ಹೊರಬಿತ್ತು. ಬಡಗಿಯ ಅಂಗಡಿಯಿಂದ ಮರದ ಒಣಗಿದ ತರಿತರಿ ಹೊಟ್ಟು ಬಂತು. ಬಲ್ಬು ಪೆಟ್ಟಿಗೆಯ ಒಂದು ಬದಿಗೆ ಸರಿಯಿತು, ಹೊದಿಕೆ ಹೋಯಿತು. ಬಟ್ಟೆ ಬಲ್ಬಿಗೆ ತಾಗಿದ್ದರೆ ಮನೆಗೇ ಬೆಂಕಿ ಬೀಳುತ್ತಿತ್ತು. ಶಾಖ ಎಷ್ಟಿರಬೇಕೆಂದು ಮರಿಗಳನ್ನೇ ಕೇಳಿ ಎಂದಳು ಹುಡುಗಿ: ಬಲ್ಬಿನಡಿ ಒತ್ತೊತ್ತಾಗಿ ಸೇರಿ ಕಿರುಚಿದರೆ ಚಳಿ, ದೂರ ಸರಿದು ಬಾಯಿ ತೆರೆದರೆ ಸೆಕೆ, ಪೆಟ್ಟಿಗೆಯ ತುಂಬ ಓಡಾಡುತ್ತಿದ್ದರೆ ಹಿತ. ಆಳವಿಲ್ಲದ ತಟ್ಟೆಯಲ್ಲಿ ನೀರಿಟ್ಟು, ಮರಿ ಮುಳುಗದಂತೆ ಬೆಣಚುಕಲ್ಲು ಹಾಕಿದರು. ಕುಡಿಯಲು ತಿಳಿಯದ ಮರಿಗಳ ಕೊಕ್ಕಿನ ತುದಿಯನ್ನು ಮೆಲ್ಲಗೆ ನೀರಿಗೆ ತಾಗಿಸಿದರು.

ಒಣಗಿದ ಹಿಕ್ಕೆಗೆ ಉಗುರುಬೆಚ್ಚಗಿನ ನೀರಿನ ಬಟ್ಟೆ ಹಿಡಿದು, ಅದು ನೆನೆದು ಮೆತ್ತಗಾದ ಮೇಲೆ ಒರೆಸಿದರು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಟೈಲರಮ್ಮ ತನ್ನನ್ನೇ ಬೈದುಕೊಂಡಳು. ಹೊಟ್ಟೆಯ ಕೆಳಗಿನ ಹೊಕ್ಕುಳಿನ ಒಣ ಹಕ್ಕಳೆಯನ್ನು ಮಾತ್ರ ಮುಟ್ಟಗೊಡಲಿಲ್ಲ ಹುಡುಗಿ; ಅದು ತಾನಾಗಿಯೇ ಉದುರುತ್ತದೆ, ಕಿತ್ತರೆ ಗಾಯವಾಗುತ್ತದೆ ಎಂದಳು. ಒರೆಸಿದ ಮರಿಯನ್ನು ಚೆನ್ನಾಗಿ ಒಣಗಿಸಿ ಬೆಚ್ಚಗೆ ಬಿಟ್ಟು, ಇಬ್ಬರೂ ಸೋಪು ಹಾಕಿ ಕೈ ತೊಳೆದರು.

ಇನ್ನೂ ಎರಡು ಮರಿ ಉಳಿಯಲಿಲ್ಲ. ಮಿಕ್ಕವು ಚೇತರಿಸಿಕೊಂಡವು. ಕಾಲು ಕಟ್ಟಿದ ಮರಿ ಏಳುತ್ತಿತ್ತು, ಮಗುಚುತ್ತಿತ್ತು, ಮತ್ತೆ ಏಳುತ್ತಿತ್ತು. ತನಗೇನೂ ಸಂಬಂಧವಿಲ್ಲ ಎಂಬಂತಿದ್ದ ಗಂಡ, ಡ್ಯೂಟಿಗೆ ಹೊರಡುವ ಮುಂಚೆ ಪೆಟ್ಟಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ನೋಡತೊಡಗಿದ. ಪಟ್ಟಿಯನ್ನು ಪೂರ್ತಿ ತೆಗೆದ ದಿನ ಮರಿ ನಾಲ್ಕು ಹೆಜ್ಜೆ ನಡೆದು ಅವನ ಬೆರಳನ್ನು ಕುಟುಕಿತು. ಎಸೆಯೋಣ ಎಂದವನು ಅವನೇ ಎಂಬುದನ್ನು ಹೆಂಡತಿ ನೆನಪಿಸಲಿಲ್ಲ.

ಆ ವಾರ ಯಾರೋ ಪರದೆ ಹೊಲಿಸಲು ಬಂದರು. ಟೈಲರಮ್ಮ ಬಾಯಿ ತೆರೆಯುವ ಮೊದಲೇ ಗಂಡ ಹೇಳಿದ: "ಬೇರೆ ಕಡೆ ಕೊಡಿ ತಾಯಿ. ನಮ್ಮನೆಯೋಳು ಈಗ ಕೋಳಿ ಸಾಕ್ತಾಳೆ. ಅವಳಿಗೆ ಪುರಸೊತ್ತಿಲ್ಲ." ಎಷ್ಟೋ ದಿನಗಳ ಮೇಲೆ ಟೈಲರಮ್ಮನ ಎದೆ ಹಗುರಾಯಿತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಮರಿಗಳಿದ್ದರೆ ಈಗಲೇ ಎದ್ದು, ಒಂದೊಂದನ್ನೇ ಅಂಗೈಯಲ್ಲಿ ಹಿಡಿದು ತಿರುಗಿಸಿ ನೋಡಿ. ಕಾಲಡಿಯ ಹಾಸು ಜಾರುತ್ತಿದೆಯೇ? ಹಿಂಭಾಗದಲ್ಲಿ ಹಿಕ್ಕೆ ಕಟ್ಟಿದೆಯೇ? ಹಿಕ್ಕೆಯಲ್ಲಿ ರಕ್ತ ಕಂಡರೆ, ಹೊಕ್ಕುಳು ಊದಿ ನಾರಿದರೆ, ಮರಿಗಳು ಒಂದರ ಹಿಂದೊಂದು ಸತ್ತರೆ, ಮನೆಮದ್ದು ಮಾಡುತ್ತ ಕೂರದೆ ಪಶು ವೈದ್ಯರಲ್ಲಿಗೆ ಓಡಿ. ಲಸಿಕೆ ಯಾವಾಗ ಹಾಕಿಸಬೇಕೆಂದೂ ಅಲ್ಲೇ ಕೇಳಿಕೊಳ್ಳಿ. ಬಿದ್ದ ಮರಿಯೆಲ್ಲ ಸಾಯುವ ಮರಿಯಲ್ಲ. ಎಸೆಯುವ ಮೊದಲು ತಿಳಿದವರನ್ನು ಒಂದು ಮಾತು ಕೇಳಿ.