ಕೌದಿಯ ಮೂಲೆಯ ತುತ್ತು

ನಮ್ಮ ಶಹಾಬಾದಿನಲ್ಲಿ ನಾಯಿಗಳಿಗೆ ಅರಮನೆ ಕಟ್ಟಿಸಿದವರು ಫರ್ಸಿ ಕಲ್ಲಿನ ವ್ಯಾಪಾರಿ ಅಮೃತಪ್ಪ ಒಬ್ಬರೇ. ನೆಲಕ್ಕೂ ಫರ್ಸಿ, ಗೋಡೆಗೂ ಫರ್ಸಿ. ಎಲ್ಲಕ್ಕೂ ಪಾಲಿಶ್ ಬೇರೆ. ಅದರಲ್ಲಿ ಮುಖ ನೋಡಿಕೊಂಡು ವಿಭೂತಿ ಹಚ್ಚಿಕೊಳ್ಳಬಹುದು. ಬೀದಿನಾಯಿಗಳ ಆ ಆಶ್ರಯಮನೆ ಭಂಕೂರ ರಸ್ತೆಯಲ್ಲಿ, ನನ್ನ ಮನೆಯ ಹಿಂದೆಯೇ ಇದೆ. ಎದುರುಬದುರು ಎರಡು ಸಾಲು ಕೋಣೆ, ಜಾಲರಿ ಬಾಗಿಲು, ಇಪ್ಪತ್ತೆರಡು ನಾಯಿ. ಒಂದು ಬೊಗಳಿದರೆ ಕಲ್ಲಿಗೆ ಬಡಿದು ನಾಲ್ಕಾಗುತ್ತದೆ. ಇಪ್ಪತ್ತೆರಡೂ ಬೊಗಳಿದರೆ ಎಷ್ಟಾಗುತ್ತದೋ, ಮೂರನೆಯ ಇಯತ್ತೆ ಮುಗಿಸದ ನನಗೆ ಆ ಲೆಕ್ಕ ಬರುವುದಿಲ್ಲ. ಒಮ್ಮೆ ಆ ಸದ್ದಿಗೆ ವಾಡಿ ಸ್ಟೇಶನ್ನಿನಲ್ಲಿ ನಿಂತ ರೈಲು ಹೆದರಿ ಹಿಂದಕ್ಕೆ ಹೋಯಿತು. ಹೋಗಲಿಲ್ಲ ಎನ್ನುವವರು ಆ ದಿನ ಅಲ್ಲಿದ್ದರೇನು?

ಒಂದು ಮಧ್ಯಾಹ್ನ ನಿದ್ದೆ ಕೆಟ್ಟು, ಜಗಳ ಮಾಡಲೆಂದೇ ಸೆರಗು ಸಿಕ್ಕಿಸಿಕೊಂಡು ಹೋದೆ. ಆಶ್ರಯಮನೆ ನೋಡಿಕೊಳ್ಳುವ ಚಿತ್ತಾಪುರದ ಹುಡುಗಿ ಶೈಲಶ್ರೀ ಕೊನೆಯ ಕೋಣೆಯ ಮುಂದೆ ನೆಲದ ಮೇಲೆ ಕುಳಿತಿದ್ದಳು.

“ಏನವ್ವಾ, ನಿನ್ನ ನಾಯಿಗೋಳು ಒದರೋದಕ್ಕ ನನ್ನ ಮನಿ ಬೀಳಾಕತ್ತದ. ನಿನ್ನಿ ಎರಡು ಗ್ವಾಡಿ ಬಿದ್ದಾವ.”

“ಆಯಿ, ನಿಮ್ಮ ಮನೀಗೆ ಇರೋವೇ ನಾಕು ಗ್ವಾಡಿ.”

“ಅದಕ್ಕs ಜಲ್ದಿ ಬಂದೀನಿ. ಇನ್ನ ಎರಡೇ ಉಳದಾವ.”

ಬೇರೆ ದಿನವಾಗಿದ್ದರೆ ಹುಡುಗಿ ನಗುತ್ತಿದ್ದಳು. ಅಂದು ಕಣ್ಣು ಒರೆಸಿಕೊಂಡಳು. ಆಗ ಒಳಗೆ ನೋಡಿದೆ. ಕಂದು ಬಣ್ಣದ ಒಂದು ನಾಯಿ ನಿಂತಲ್ಲೇ ಗಾಣದ ಎತ್ತಿನ ಹಾಗೆ ಸುತ್ತುತ್ತಿತ್ತು. ಮೈಯಲ್ಲಿ ಎಲುಬು ಬಿಟ್ಟರೆ ಏನೂ ಇರಲಿಲ್ಲ. ಗಾಳಿಪಟಕ್ಕೂ ಅದಕ್ಕಿಂತ ಹೆಚ್ಚು ಮಾಂಸ ಇದ್ದೀತು. ತಟ್ಟೆಯಲ್ಲಿ ಹಾಲು ಅನ್ನ ಹಾಗೇ ಒಣಗಿತ್ತು.

“ಏನ ಇದರ ಹೆಸರು?”

“ಪೈಲ್ವಾನ.”

ನಗು ತಡೆಯಲು ಸೆರಗನ್ನು ಬಾಯಿಗೆ ತುರುಕಿಕೊಳ್ಳಬೇಕಾಯಿತು. ಆದರೆ ಶೈಲಶ್ರೀ ಹೇಳಿದ್ದು ಕೇಳಿ ನಗು ಇಳಿಯಿತು. ಅದು ಗೊಲ್ಲಾಳಪ್ಪ ಎಂಬ ಕಲ್ಲು ಒಡೆಯುವವನ ನಾಯಿ. ಹೆಂಡತಿ ಮಕ್ಕಳಿಲ್ಲದ ಮುದುಕ. ಕಾಲು ಮುರಿದು ಕಲಬುರಗಿ ದವಾಖಾನೆಯಲ್ಲಿ ಬಿದ್ದಿದ್ದಾನೆ. ತಾನು ಬರುವವರೆಗೆ ಕಾಪಾಡಿರೆಂದು ನಾಯಿಯನ್ನು ಇಲ್ಲಿ ಬಿಡಿಸಿದ್ದಾನೆ. ಬಂದು ಐದು ದಿನ, ಒಂದು ಅಗುಳೂ ಮುಟ್ಟಿಲ್ಲ. ಇನ್ನೆರಡು ದಿನ ಹೀಗೇ ಇದ್ದರೆ ಸಲೈನ್ ಹಾಕಿದರೂ ಉಳಿಯುವುದು ಕಷ್ಟವೆಂದು ಡಾಕ್ಟರು ಹೇಳಿ ಹೋಗಿದ್ದಾರೆ.

ಅಷ್ಟರಲ್ಲಿ ಫೋನು ಬಂತು. ದಿನವೂ ನಾಲ್ಕು ಗಂಟೆಗೆ ಗೊಲ್ಲಾಳಪ್ಪನದೇ ಫೋನು.

“ಬಾಯಾರs, ನಮ್ಮ ಪೈಲ್ವಾನ ಉಂಡಾನೇನ್ರಿ?”

“ಉಂಡಾನ್ರಿ ಕಾಕಾ. ಹೊಟ್ಟಿ ತುಂಬ ಉಂಡಾನ.”

ಫೋನು ಇಟ್ಟು ಅವಳು ಮೊಣಕಾಲಲ್ಲಿ ಮುಖ ಮುಚ್ಚಿಕೊಂಡಳು. “ಇದು ಐದನೇ ಸುಳ್ಳು ಆಯಿ. ಇವ ಸತ್ರ ಆ ಕಾಕಾಗ ಏನಂತ ಹೇಳ್ಲಿ?”

“ನಿನಗ ಸುಳ್ಳು ಹೇಳಾಕೂ ಬರಂಗಿಲ್ಲ ಬಿಡು. ನನ್ನ ಕಡೆ ಒಂದು ತಿಂಗಳು ಕಲೀಬೇಕು,” ಎಂದೆ. ಆದರೆ ನನ್ನ ಕಣ್ಣು ನಾಯಿಯ ಮೇಲೇ ಇತ್ತು.

ಎದುರಿನ ಕೋಣೆಯಿಂದ ನಾಲ್ಕು ನಾಯಿಗಳು ಇದನ್ನೇ ದಿಟ್ಟಿಸುತ್ತಿದ್ದವು. ನೋಡಲು ಬಂದ ಮಂದಿ ಜಾಲರಿಗೆ ಮೂಗು ಹಚ್ಚಿ “ಛೂ, ಛೂ” ಎನ್ನುತ್ತಿದ್ದರು. ಮೈ ಮರೆ ಮಾಡಿಕೊಳ್ಳಲು ಒಂದು ಮೂಲೆಯೂ ಇರಲಿಲ್ಲ. ಎತ್ತ ತಿರುಗಿದರೂ ಹೊಳೆಯುವ ಕಲ್ಲು, ಕಣ್ಣು, ಸದ್ದು.

ನನಗೆ ನನ್ನದೇ ನೆನಪಾಯಿತು. ಚಿಮ್ಮನಚೋಡದಿಂದ ಮದುವೆಯಾಗಿ ಬಂದಾಗ ನನಗೆ ಹದಿನಾಲ್ಕು. ಗಂಡನ ಮನೆಯಲ್ಲಿ ಮೂವತ್ತು ಮಂದಿ. ಊಟಕ್ಕೆ ಕುಳಿತರೆ ಅರವತ್ತು ಕಣ್ಣು ನನ್ನ ಬಾಯಿ ನೋಡುತ್ತಿದ್ದವು. ಮೂರು ದಿನ ತುತ್ತು ಗಂಟಲಿಗೆ ಇಳಿಯಲಿಲ್ಲ. “ಉಣ್ಣು, ಉಣ್ಣು” ಎಂದು ಎಲ್ಲರೂ ಕೂಗಿದ್ದೇ ಕೂಗಿದ್ದು. ನಾಲ್ಕನೆಯ ದಿನ ಅತ್ತೆ ಒಂದು ಮಾತೂ ಆಡದೆ ಒಳಮನೆಯ ಮೂಲೆಗೆ ಹಗ್ಗ ಕಟ್ಟಿ ಕೌದಿ ಇಳಿಬಿಟ್ಟಳು. ಅದರ ಹಿಂದೆ ರೊಟ್ಟಿಯ ತಟ್ಟೆ ಸರಿಸಿ, ನನಗೆ ಬೆನ್ನು ಮಾಡಿ ಜೋಳ ಹಸನು ಮಾಡುತ್ತಾ ಕುಳಿತಳು. ಅಂದು ನಾನು ತಿಂದ ರೊಟ್ಟಿಗಳನ್ನು ಒಂದರ ಮೇಲೊಂದು ಇಟ್ಟಿದ್ದರೆ ಮಾಳಿಗೆ ಮುಟ್ಟುತ್ತಿತ್ತು.

“ಏಳs ಹುಡುಗಿ,” ಎಂದೆ. “ಹಗ್ಗ ತೊಗೊಂಡು ಬಾ.”

ಅರವತ್ತು ವರ್ಷದಿಂದ ಹಳೆಯ ಸೀರೆ, ಧೋತರಗಳಿಂದ ಕೌದಿ ಹೊಲಿಯುತ್ತಿದ್ದೇನೆ. ನಾನು ಹೊಲಿದದ್ದನ್ನೆಲ್ಲ ಹಾಸಿದರೆ ಸನ್ನತಿಯ ಭೀಮಾ ನದಿ ಮುಚ್ಚಿಹೋದೀತು. ಹರಿದ ಕೌದಿಗಳೇ ಮನೆಯಲ್ಲಿ ಒಂದು ಗುಡ್ಡದಷ್ಟಿದ್ದವು. ಆ ಸಂಜೆಯೇ ಅವುಗಳನ್ನು ಗೋಡೆಗಳಿಗೂ ಜಾಲರಿಗಳಿಗೂ ಇಳಿಬಿಟ್ಟೆವು. ನಾಯಿಗೆ ನಾಯಿ ಕಾಣಬಾರದು, ಕಲ್ಲಿಗೆ ಸದ್ದು ತಾಗಬಾರದು. ಪ್ರತಿ ಕೋಣೆಯಲ್ಲೂ ಹೊಕ್ಕು ಕೂರಲು ಒಂದು ಮರೆ ಇರಬೇಕು.

ಮರುದಿನ ಮುಂಜಾನೆ ಅಮೃತಪ್ಪ ಬಂದು ಬಾಗಿಲಲ್ಲೇ ನಿಂತರು.

“ಅಕ್ಕಾರs, ಏನಿದು? ನನ್ನ ಕಲ್ಲs ಕಾಣವಲ್ದು! ನಾಳಿ ನೋಡಲಿಕ್ಕ ಮಂದಿ ಬರ್ತಾರ.”

“ಮಂದಿ ನಾಯಿ ನೋಡಾಕ ಬರ್ತಾರೋ ನಿಮ್ಮ ಕಲ್ಲು ನೋಡಾಕೋ? ಕಲ್ಲು ತೋರಸೋದಿದ್ರ ಕಲ್ಲಿಗೇ ರೊಟ್ಟಿ ಹಾಕ್ರಿ ಸಾವ್ಕಾರ.”

“ಅವಕ್ಕ ಬಂಗ್ಲೆ ಕಟ್ಟಿಸಿ ಕೊಟ್ಟೀನಿ, ಮತ್ತ ಚಿಂದಿ ಕಟ್ಟೀರಲ್ಲ!”

“ಒಂದೀಟು ಬಾಯಿ ಮುಚ್ಚಿ ಕೇಳ್ರಿ.”

ಅವರು ಬಾಯಿ ಮುಚ್ಚಿದರು. ದೂರದಲ್ಲಿ ಯಾರೋ ಕಲ್ಲಿಗೆ ಉಳಿ ಹೊಡೆಯುವ ಸದ್ದು ಕೇಳಿಸಿತು. ಆ ಕಟ್ಟಡ ಎದ್ದ ಮೇಲೆ ಒಳಗೆ ನಿಂತು ಹೊರಗಿನ ಸದ್ದು ಕೇಳಿದ್ದು ಅದೇ ಮೊದಲು. ನಾಯಿಗಳು ಕೌದಿಗಳ ಹಿಂದೆ ಮಲಗಿದ್ದವು. ಅಮೃತಪ್ಪ ಚಪ್ಪಲಿ ಕೈಯಲ್ಲಿ ಹಿಡಿದು, ಗುಡಿಯಿಂದ ಹೊರಡುವವರಂತೆ ಮೆಲ್ಲಗೆ ಹೋದರು.

ಪೈಲ್ವಾನ ಮಾತ್ರ ಸುತ್ತುವುದನ್ನು ಬಿಟ್ಟಿರಲಿಲ್ಲ. ಅದಕ್ಕೆಂದೇ ಬೇರೆ ಕೌದಿ ಹೊಲಿಯಬೇಕೆಂದು ನನ್ನ ಹಟ. ಶೈಲಶ್ರೀ ಗಣಿಯ ಹತ್ತಿರದ ಗುಡಿಸಲಿಗೆ ಹೋಗಿ ಗೊಲ್ಲಾಳಪ್ಪನ ಒಗೆಯದ ಅಂಗಿಯನ್ನೂ ಹಳೆಯ ಧೋತರವನ್ನೂ ತಂದಳು. ಬೀಡಿ, ಬೆವರು, ಕಲ್ಲಿನ ಧೂಳಿನ ವಾಸನೆಗೆ ನನಗೆ ನೂರು ಸೀನು ಬಂದವು. ಅವುಗಳಿಂದಲೇ ಎರಡು ಮೊಳದ ಕೌದಿಯನ್ನು ಒಂದೇ ಹೊತ್ತಿನಲ್ಲಿ ಹೊಲಿದೆ. ನಮ್ಮ ಮನೆಯಲ್ಲಿ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಒಂದು ತುತ್ತು ರೊಟ್ಟಿ ಇಡುವ ಪದ್ಧತಿ. ಕೌದಿ ಹಸಿದಿರಬಾರದು ಎನ್ನುತ್ತಿದ್ದಳು ಅತ್ತೆ. ರೊಟ್ಟಿಗೆ ಬೆಲ್ಲ ಸವರಿ ಇಟ್ಟು, ಮೂಲೆ ಹೊಲಿದು, ದಾರ ಕಡಿದೆ.

ಮಧ್ಯಾಹ್ನ ಅದನ್ನು ಪೈಲ್ವಾನನ ಮೂಲೆಗೆ ಇಳಿಬಿಟ್ಟು, ಹೊರಗೆ ಅವನಿಗೆ ಬೆನ್ನು ಮಾಡಿ ಕುಳಿತೆ. ಕರೆಯಲಿಲ್ಲ, ತಿರುಗಿ ನೋಡಲಿಲ್ಲ. ಊರಿನ ಸುದ್ದಿಯನ್ನೆಲ್ಲ ಮೆಲ್ಲನೆ ಅವನಿಗೆ ಹೇಳುತ್ತಾ ಹೋದೆ. ಯಾರ ಸೊಸೆ ಯಾರಿಗೆ ಏನಂದಳು, ಅಮೃತಪ್ಪನ ಹೊಟ್ಟೆ ಎಷ್ಟು ಮುಂದೆ ನಡೆಯುತ್ತದೆ, ಎಲ್ಲವನ್ನೂ. ಸ್ವಲ್ಪ ಹೊತ್ತಿಗೆ ಕಲ್ಲಿನ ಮೇಲೆ ಸುತ್ತುವ ಉಗುರಿನ ಸದ್ದು ನಿಂತಿತು. ನಾಯಿ ಕೌದಿಯ ಹಿಂದೆ ಹೊಕ್ಕಿತ್ತು. ಆದರೆ ತಟ್ಟೆ ತುಂಬಿದಂತೆಯೇ ಇತ್ತು. ನಾಲ್ಕು ಗಂಟೆಗೆ ಶೈಲಶ್ರೀ ಆರನೆಯ ಸುಳ್ಳು ಹೇಳಿದಳು.

ಮರುದಿನ ಬೆಳಿಗ್ಗೆ ಅವಳು ನನ್ನ ಬಾಗಿಲಿಗೆ ಓಡಿಬಂದಳು.

“ಆಯಿ, ಜಲ್ದಿ ಬರ್ರಿ! ನಿಮ್ಮ ಕೌದಿ ಹರದು ಹಾಕ್ಯಾನ!”

ಹೋಗಿ ನೋಡಿದೆ. ಕೌದಿ ಕೆಳಗೆ ಬಿದ್ದಿತ್ತು. ಮೂರು ಮೂಲೆ ಸರಿಯಾಗಿದ್ದವು. ನಾಲ್ಕನೆಯದನ್ನು ಮಾತ್ರ ಪೈಲ್ವಾನ ಹಲ್ಲಿನಿಂದ ಬಿಚ್ಚಿದ್ದ. ಒಳಗೆ ಬೆರಳು ಹಾಕಿದೆ. ಬೆಲ್ಲದ ಅಂಟು ಇತ್ತು, ರೊಟ್ಟಿ ಇರಲಿಲ್ಲ.

“ನಿನ್ನಿ ಹೊಲದದ್ದು ಇವತ್ತ ಬಿಚ್ಚಿದಿ, ಖೋಡಿ!” ಎಂದು ಬೈದೆ. ಬೈಯುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಧೂಳು ಭಾಳ ಇತ್ತು ಅಲ್ಲಿ.

ಕೌದಿಯನ್ನು ಮತ್ತೆ ಕಟ್ಟಿದೆವು. ಶೈಲಶ್ರೀ ಇನ್ನೊಂದು ರೊಟ್ಟಿ ಮುರಿದು, ಹಾಲಲ್ಲಿ ಅದ್ದಿ, ತಟ್ಟೆಯನ್ನು ಅದರ ಹಿಂದೆ ಸರಿಸಿದಳು. ಇಬ್ಬರೂ ಬೆನ್ನು ಮಾಡಿ ಕುಳಿತೆವು. ಅವಳು ತಿರುಗಲು ಹೋದಾಗ ತೊಡೆಗೆ ಚಿವುಟಿದೆ. ಎಷ್ಟು ಹೊತ್ತು ಕುಳಿತೆವೋ, ನನ್ನ ಪ್ರಕಾರ ಎರಡು ವರ್ಷ. ಆಮೇಲೆ ಕೇಳಿಸಿತು, ಚಪ್ ಚಪ್ ಚಪ್.

ನಾಲ್ಕು ಗಂಟೆಗೆ ಫೋನು ಬಂತು. ಅದನ್ನು ಶೈಲಶ್ರೀಯ ಕೈಯಿಂದ ನಾನೇ ಕಿತ್ತುಕೊಂಡೆ.

“ಬಾಯಾರs, ಪೈಲ್ವಾನ ಉಂಡಾನೇನ್ರಿ?”

“ನಾ ರತ್ನಾಬಾಯಿ ಮಾತಾಡಾಕತ್ತೀನಿ, ಕೌದಿ ಹೊಲಿಯಾಕಿ. ಒಂದು ಚೀಲ ಜೋಳದ ರೊಟ್ಟಿ, ಹತ್ತು ಎಮ್ಮಿ ಹಾಲು ಮುಗಿಸ್ಯಾನ. ಮ್ಯಾಲೆ ನನ್ನ ಕೌದಿ ಮೂಲೀನೂ ಹರದು ತಿಂದಾನ. ಜಲ್ದಿ ಕಾಲು ನೆಟ್ಟಗ ಮಾಡ್ಕೊಂಡು ಬಾ, ಇಲ್ಲಂದ್ರ ಶಹಾಬಾದ ಖಾಲಿ ಮಾಡ್ತಾನ.”

ಆ ಕಡೆಯಿಂದ ಮೂಗು ಏರಿಸಿದ ಸದ್ದು ಬಂತು.

“ದಿನಾ ಉಂಡಾನ ಅಂತಿದ್ರು, ನಂಬಿಕಿ ಬರ್ತಿದ್ದಿಲ್ಲರಿ ಅಮ್ಮಾರ,” ಎಂದ ಗೊಲ್ಲಾಳಪ್ಪ. “ಕೌದಿ ಹರದಾನ ಅಂದ್ರಲ್ಲ, ಈಗ ನಂಬಿಕಿ ಬಂತು. ಅವ ನನ್ನ ಹಾಸಿಗಿ ಮೂಲಿ ಎಲ್ಲಾ ಹರದವ.”

ಶೈಲಶ್ರೀ ಅಳುತ್ತಲೇ ನಕ್ಕಳು. ನಾನು ಸೂಜಿಗೆ ದಾರ ಪೋಣಿಸಿ, ಹರಿದ ಮೂಲೆಯೊಳಗೆ ಇನ್ನೊಂದು ತುತ್ತು ಇಟ್ಟೆ. ಈ ಸಲ ಹೊಲಿಗೆಯನ್ನು ಸಡಿಲವಾಗಿಯೇ ಹಾಕಿದೆ.